ಗಣಿಯ ಯಜಮಾನನನ್ನು ಗಣಿಗೆ ಇಳಿಸಿದ ಸೂಪರ್‌ಮ್ಯಾನ್: ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಸಿರಿವಂತರು, ಬಡವರು (ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಸಂಡೂರು ರಸ್ತೆ (ಬಳ್ಳಾರಿ)

ಬೇಸಿಗೆ ರಜೆಯಲ್ಲಿ ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕಾಮಿಕ್ಸ್ ಶಿಬಿರ ನಡೆಸಲು ಕೆಲವರು ಸೇರಿ ತೀರ್ಮಾನಿಸಿದ್ದೇವೆ. ನಾವು ಕಥೆಯನ್ನು ಕನ್ನಡದಲ್ಲಿ ಹೇಳುವುದು, ಮಕ್ಕಳು ತಮಗೆ ತೋಚಿದಂತೆ ಅದನ್ನು ಚೌಕಟ್ಟುಗಳಲ್ಲಿ ಬರೆಯುವುದು. ಬ್ಯಾಟ್‌ಮ್ಯಾನ್, ಐರನ್ ಮ್ಯಾನ್, ಸ್ಪೈಡರ್‌ಮ್ಯಾನ್ ಯಾರೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಮೊಬೈಲ್ ಎಲ್ಲರನ್ನೂ ಮನೆಗೇ ತಂದಿದೆ. ನಾನು ಮಕ್ಕಳ ಮುಂದೆ ಇಡಬೇಕೆಂದಿರುವ ಪ್ರಶ್ನೆ ಒಂದೇ: ಈ ಕಥೆಗಳಲ್ಲಿ ಸಿರಿವಂತನ ಸಿರಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಾರೆಯೇ?

ಕೇಳಿದ ಒಂದು ಕಥೆ ಇದೆ. 1938ರ ಆಗಸ್ಟ್ ತಿಂಗಳ ಆಕ್ಷನ್ ಕಾಮಿಕ್ಸ್, ಮೂರನೆಯ ಸಂಚಿಕೆ. ಸೂಪರ್‌ಮ್ಯಾನ್ ಹುಟ್ಟಿ ಇನ್ನೂ ಮೂರು ತಿಂಗಳು. ಗಣಿಯೊಂದು ಕುಸಿದು ಕಾರ್ಮಿಕನೊಬ್ಬ ಒಳಗೆ ಸಿಕ್ಕಿಕೊಳ್ಳುತ್ತಾನೆ. ಸೂಪರ್‌ಮ್ಯಾನ್ ಗಣಿ ಕೂಲಿಯ ವೇಷದಲ್ಲಿ ಇಳಿದು ಅವನನ್ನು ಎತ್ತಿ ತರುತ್ತಾನೆ. ಇಲ್ಲಿಗೆ ಮುಗಿದಿದ್ದರೆ ಇದು ಎಲ್ಲ ಕಥೆಗಳಂತೆ ಒಂದು ಕಥೆ. ಆದರೆ ಪತ್ರಕರ್ತ ಕ್ಲಾರ್ಕ್ ಕೆಂಟ್ ಆಗಿ ಅವನು ಗಣಿಯ ಯಜಮಾನನನ್ನು ಮಾತನಾಡಿಸಲು ಹೋಗುತ್ತಾನೆ. ತಪ್ಪೆಲ್ಲ ಕಾರ್ಮಿಕನ ಅಜಾಗರೂಕತೆಯದು, ಆಸ್ಪತ್ರೆಯ ಖರ್ಚು ಕೊಡುತ್ತೇವೆ, ಮೇಲೆ ಐವತ್ತು ಡಾಲರ್ ಕೊಟ್ಟು ಬೀಳ್ಕೊಡುತ್ತೇವೆ ಎನ್ನುತ್ತಾನೆ ಯಜಮಾನ. ಅತ್ತ ಆ ಕಾರ್ಮಿಕ ಬದುಕಿರುವಷ್ಟು ಕಾಲ ಅಂಗವಿಕಲ.

ಮುಂದಿನದು ನನಗೆ ಬಹಳ ಪ್ರಿಯವಾದ ಭಾಗ. ಯಜಮಾನನ ಬಂಗಲೆಯಲ್ಲಿ ಔತಣ ನಡೆಯುತ್ತಿದೆ. ಬೇಸರ ಕಳೆಯಲು ಅತಿಥಿಗಳೆಲ್ಲ ರೇಷ್ಮೆ ಉಡುಪಿನಲ್ಲೇ ಗಣಿ ನೋಡಲು ಹೊರಡುತ್ತಾರೆ. ಒಳಗೆ ಹೋದ ಮೇಲೆ ಸೂಪರ್‌ಮ್ಯಾನ್ ಸುರಂಗದ ಬಾಯಿಯನ್ನು ಕುಸಿಯುವಂತೆ ಮಾಡುತ್ತಾನೆ. ಅಪಾಯದ ಗಂಟೆ ಬಾರಿಸುವುದಿಲ್ಲ, ಸುರಕ್ಷತಾ ಸಾಧನ ಒಂದೂ ಕೆಲಸ ಮಾಡುವುದಿಲ್ಲ. ಧಣಿಗಳು ತಮ್ಮ ಕೈಯಾರೆ ಗುದ್ದಲಿ ಹಿಡಿದು ಮಣ್ಣು ತೋಡಬೇಕಾಗುತ್ತದೆ. ಹೊರಗೆ ಬಂದ ಯಜಮಾನ, ದೇಶದಲ್ಲೇ ನನ್ನ ಗಣಿ ಎಲ್ಲಕ್ಕಿಂತ ಸುರಕ್ಷಿತವಾಗಿರುತ್ತದೆ ಎಂದು ಮಾತು ಕೊಡುತ್ತಾನೆ.

ಗಣಿಧಣಿ ಎಂಬ ಪದ ದಿನಪತ್ರಿಕೆಯ ಮುಖಪುಟದಲ್ಲಿ ದಿನವೂ ಅಚ್ಚಾಗುತ್ತಿದ್ದ ಊರು ನಮ್ಮದು. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ್ದು, ಲೋಕಾಯುಕ್ತದ ವರದಿಗಳು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದ್ದು ಎಲ್ಲವೂ ನಮ್ಮ ಕಣ್ಣೆದುರಿನ ಇತಿಹಾಸ. ಗಣಿ ನಿಂತಾಗ ಸಾಲ ಮಾಡಿ ಲಾರಿ ಕೊಂಡವನು, ಅದಿರು ಜರಡಿ ಹಿಡಿಯುತ್ತಿದ್ದ ಹೆಂಗಸು ಹೇಗೆ ಬೀದಿಗೆ ಬಂದರು ಎಂಬುದನ್ನೂ ನೋಡಿದ್ದೇವೆ. ಇಂಥ ಊರಿನ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸೂಪರ್‌ಹೀರೋ ಕಥೆ ನನಗೆ ಕಾಣುತ್ತಿಲ್ಲ. ಮುಂದೆ ಬಂದ ನಾಯಕರು ಬ್ಯಾಂಕು ದೋಚಿದವನನ್ನು ಹಿಡಿದರು, ಲೋಕ ಆಳಲು ಹೊರಟ ಹುಚ್ಚನನ್ನು ಹಿಡಿದರು. ಯಾರದೋ ದುಡಿಮೆಯನ್ನು ಕಾನೂನಿನ ಒಳಗೇ ಇದ್ದುಕೊಂಡು ನುಂಗುವವನನ್ನು ಹಿಡಿದದ್ದು ತೀರಾ ಕಡಿಮೆ. ಶಿಬಿರಕ್ಕೆ ಇನ್ನಾವ ಕಥೆ ಆರಿಸಬಹುದು, ಹೇಳಿ.

ಎಡದಂಡೆ (ಗಂಗಾವತಿ)

ಅಣ್ಣ, ಶಿಬಿರಕ್ಕೆ ನನ್ನ ಬೆಂಬಲವಿದೆ. ಆದರೆ ಸಿರಿವಂತ ನಾಯಕ ಎಂದೊಡನೆ ಅನುಮಾನದಿಂದ ನೋಡುವುದನ್ನು ಒಪ್ಪಲಾರೆ. ಬ್ಯಾಟ್‌ಮ್ಯಾನ್ ವೇಷದ ಹಿಂದಿರುವ ಸಿರಿವಂತ ಬ್ರೂಸ್ ವೇಯ್ನ್ ತನ್ನ ಸಂಪತ್ತನ್ನು ಮೋಜಿಗೆ ಸುರಿಯಬಹುದಿತ್ತು. ರಾತ್ರಿಯೆಲ್ಲ ಊರು ಕಾಯುತ್ತಾನೆ, ಏಟು ತಿನ್ನುತ್ತಾನೆ, ಅನಾಥ ಹುಡುಗನನ್ನು ಮನೆಗೆ ಕರೆತಂದು ಸಾಕುತ್ತಾನೆ. ಆಸ್ಪತ್ರೆ, ಅನಾಥಾಲಯಗಳಿಗೆ ದಾನ ಕೊಡುವ ಪ್ರತಿಷ್ಠಾನವೂ ಅವನದಿದೆ. ನಮ್ಮ ಭಾಗದ ಎಷ್ಟು ಶಾಲೆಗಳ ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು ಇದೆ ನೋಡಿ. ಆ ಕೊಠಡಿಗಳಲ್ಲಿ ಕುಳಿತೇ ನಾವು ಕಲಿತಿದ್ದೇವೆ. ಉಳ್ಳವನು ಒಳ್ಳೆಯವನಾಗಿರಲಿ ಎಂದು ಬಯಸುವುದು ಮಕ್ಕಳಿಗೆ ಕೆಟ್ಟ ಪಾಠವೇನಲ್ಲ.

ಗುರುಗಳು (ಲಿಂಗಸುಗೂರು)

ತಮ್ಮ, ನೀವು ದಾನದ ಮಾತು ಎತ್ತಿದ್ದು ಒಳ್ಳೆಯದಾಯಿತು. ನಮ್ಮ ತಾಲ್ಲೂಕಿನ ಅಮರೇಶ್ವರದವರೇ ಆದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರನ್ನು ನೆನೆಯೋಣ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಅನ್ನ ಮಾಡಿ ಹತ್ತು ಜನರಿಗೆ ಬಡಿಸಿ ಹೆಸರು ಪಡೆಯಬಹುದಿತ್ತು. ಹಾಗೆ ಮಾಡದೆ, ಹೆಚ್ಚಾದದ್ದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಕೊಡುವ ಕೈಯನ್ನು ಹೊಗಳುವುದಕ್ಕೆ ಮೊದಲು ಅದರಲ್ಲಿ ಅಷ್ಟೊಂದು ಏಕೆ ಸೇರಿತು ಎಂದು ಕೇಳಿದವಳು ಅವಳು. ಕಡುಬಡವಿ ಕೇಳಿದ್ದಳು ಎಂಬುದನ್ನು ಮರೆಯಬಾರದು.

ಈ ಕಣ್ಣಿನಿಂದ ಬ್ಯಾಟ್‌ಮ್ಯಾನ್ ಓದಿ. ಅವನು ಮೊದಲು ಕಾಣಿಸಿಕೊಂಡಿದ್ದು 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್ 27ನೇ ಸಂಚಿಕೆಯಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ, 33ನೇ ಸಂಚಿಕೆಯಲ್ಲಿ, ಅವನ ಹುಟ್ಟಿನ ಕಥೆ ಬಂತು. ಕೇವಲ ಎರಡು ಪುಟ. ಸಿನಿಮಾ ನೋಡಿ ಮನೆಗೆ ಮರಳುವಾಗ ಬೀದಿಗಳ್ಳನೊಬ್ಬ ತಾಯಿಯ ಕೊರಳ ಹಾರಕ್ಕೆ ಕೈ ಹಾಕಿ ತಂದೆತಾಯಿಯನ್ನು ಕೊಲ್ಲುತ್ತಾನೆ. ಹುಡುಗ ಶಪಥ ಮಾಡುತ್ತಾನೆ. ಬೆಳೆದ ಮೇಲೆ, ಅಪ್ಪನ ಆಸ್ತಿಯಿಂದ ನಾನು ಶ್ರೀಮಂತನಾಗಿದ್ದೇನೆ, ಇನ್ನು ಸಿದ್ಧ ಎನ್ನುತ್ತಾನೆ. ಆಸ್ತಿಯ ಕುರಿತು ಅಷ್ಟೇ ಮಾತು. ಆ ಅಪ್ಪ ಏನು ಮಾಡುತ್ತಿದ್ದ, ಅವನಿಗಾಗಿ ಯಾರು ದುಡಿದರು, ಊರು ಏಕೆ ಹಾಗೆ ಹಾಳಾಯಿತು, ಹಾರ ಕಸಿಯುವವನು ಎಲ್ಲಿಂದ ಬಂದ ಎಂಬುದು ಆ ಎರಡು ಪುಟಗಳಲ್ಲಿ ಇಲ್ಲ. ಶಪಥದ ಗುರಿ ಅಪರಾಧಿಗಳು ಮಾತ್ರ. ಆ ಕ್ಷಣದಿಂದ ಬ್ಯಾಟ್‌ಮ್ಯಾನ್‌ನ ಯುದ್ಧ ಮೇಲಿನಿಂದ ಕೆಳಕ್ಕೆ ಸಾಗುತ್ತದೆ, ಮಹಲಿನಿಂದ ಗಲ್ಲಿಗೆ. ನಂತರ ಬಂದ ಲೇಖಕರು ವೇಯ್ನ್ ಮನೆತನಕ್ಕೆ ಎಷ್ಟೋ ಹಿನ್ನೆಲೆಗಳನ್ನು ಕಟ್ಟಿದ್ದಾರೆ, ಕೆಲವು ಕಠಿಣವಾಗಿಯೂ ಇವೆ. ಆದರೂ ಬೇರು ಈ ಎರಡು ಪುಟವೇ.

ಐರನ್ ಮ್ಯಾನ್‌ನಲ್ಲಿ ಕನಿಷ್ಠ ಮುಚ್ಚುಮರೆ ಇಲ್ಲ. 1963ರಲ್ಲಿ ಟೋನಿ ಸ್ಟಾರ್ಕ್ ಕಾಲಿಟ್ಟದ್ದೇ ಶಸ್ತ್ರಾಸ್ತ್ರ ತಯಾರಕನಾಗಿ, ವಿಯೆಟ್ನಾಂ ನೆಲದಲ್ಲಿ. ಅವನ ದುಡ್ಡು ಎಲ್ಲಿಂದ ಬಂತೆಂದು ಮಗುವಿಗೂ ಗೊತ್ತಾಗುತ್ತದೆ.

ಹಟ್ಟಿಯ ಮಗಳು (ಹಟ್ಟಿ)

ಸಂಡೂರು ರಸ್ತೆಯ ಅಣ್ಣನವರೇ, ಆಕ್ಷನ್ ಕಾಮಿಕ್ಸ್ ಮೂರನೆಯ ಸಂಚಿಕೆಯನ್ನು ನೀವು ಹೊಗಳಿದ್ದನ್ನು ಓದಿ ಸಂತೋಷವಾಯಿತು. ನಿಮ್ಮ ಸಂಡೂರಿನದು ತೆರೆದ ಗಣಿ, ಬೆಟ್ಟವನ್ನು ಮೇಲಿನಿಂದ ಕೆತ್ತುತ್ತಾ ಬರುತ್ತಾರೆ. ನಮ್ಮದು ಚಿನ್ನದ ಗಣಿ, ಭೂಮಿಯ ಹೊಟ್ಟೆಗೆ ಇಳಿಯಬೇಕು. ನನ್ನ ತಂದೆಯೂ ಅಜ್ಜನೂ ಹಾಗೆ ಇಳಿದವರು. ಪಾಳಿ ಮುಗಿದರೂ ಗಂಡಸರು ಮನೆಗೆ ಬರುವುದು ತಡವಾದರೆ ಗಣಿ ಕಾಲೊನಿಯ ಹೆಂಗಸರು ಹೇಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆಂದು ನೋಡಿ ಬೆಳೆದವಳು ನಾನು. ಆದ್ದರಿಂದ ಆ ಕಥೆಯಲ್ಲಿ ನನ್ನ ಕಣ್ಣು ಸೂಪರ್‌ಮ್ಯಾನ್ ಮೇಲೆ ನಿಲ್ಲಲಿಲ್ಲ, ಗಾಯಗೊಂಡ ಕಾರ್ಮಿಕನ ಮಾತಿನ ಮೇಲೆ ನಿಂತಿತು. ಗಣಿ ಸುರಕ್ಷಿತವಾಗಿಲ್ಲ ಎಂದು ತಿಂಗಳುಗಳ ಹಿಂದೆಯೇ ನಮಗೆ ಗೊತ್ತಿತ್ತು, ಮೇಸ್ತ್ರಿಗೆ ಹೇಳಿದರೆ ಬೇಡವಾದರೆ ಕೆಲಸ ಬಿಡು ಎಂದ, ಆದರೆ ಹೆಂಡತಿ ಮಕ್ಕಳಿರುವವನು ಹೇಗೆ ಬಿಡುವುದು ಎನ್ನುತ್ತಾನೆ. ಎರಡು ಮೂರು ಚೌಕಟ್ಟಿನಲ್ಲಿ ಕೂಲಿಯವನ ಇಡೀ ಇಕ್ಕಟ್ಟು ಬಂದುಬಿಟ್ಟಿದೆ. ಇಪ್ಪತ್ತರ ಹರೆಯದ ಇಬ್ಬರು ಹುಡುಗರು ಇದನ್ನು ಬರೆದರೆಂದರೆ ಅವರು ಇಂಥ ಮನೆಗಳನ್ನು ಹತ್ತಿರದಿಂದ ಬಲ್ಲವರೇ ಇರಬೇಕು.

ಆದರೆ ಒಂದು ವಿಷಯದಲ್ಲಿ ನನಗೆ ಈ ಕಥೆಯ ಮೇಲೆ ಕೋಪವೂ ಇದೆ. ಉಳಿದ ಕಾರ್ಮಿಕರು ಎಲ್ಲಿ? ಅಮೆರಿಕದಲ್ಲಿ ಗಣಿ ಕಾರ್ಮಿಕರ ದೊಡ್ಡ ಸಂಘಟನೆ ಕಟ್ಟಿದ್ದು 1890ರಲ್ಲಿ. ಸಂಘ ಕಟ್ಟುವ ಹಕ್ಕಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1935ರಲ್ಲಿ, ಈ ಸಂಚಿಕೆಗೆ ಮೂರು ವರ್ಷ ಮೊದಲು. ಮುಷ್ಕರ, ಗುಂಡೇಟು, ಕಾರ್ಮಿಕರ ಹೆಣ ಎಲ್ಲವನ್ನೂ ಆ ದೇಶ ಆಗಷ್ಟೇ ಕಂಡಿತ್ತು. ಕಥೆಯಲ್ಲಿ ಸಂಘದ ಸುಳಿವೇ ಇಲ್ಲ. ಆಕಾಶದಿಂದ ಬಂದವನು ಯಜಮಾನನಿಗೆ ಬುದ್ಧಿ ಕಲಿಸುತ್ತಾನೆ, ಯಜಮಾನ ಮನಸ್ಸು ಬದಲಿಸುತ್ತಾನೆ, ಕಾರ್ಮಿಕರು ಅದರ ಫಲ ಪಡೆಯುತ್ತಾರೆ. ಯಜಮಾನ ನಾಳೆ ಮತ್ತೆ ಮನಸ್ಸು ಬದಲಿಸಿದರೆ? ಗಣಿ ಇನ್ನೂ ಅವನದೇ ಅಲ್ಲವೇ? ಗಣಿಯಲ್ಲಿ ಸುರಕ್ಷತೆ ಎಂಬುದು ಬಂದಿದ್ದರೆ ಅದು ಕೂಲಿಗಳು ಒಟ್ಟಾಗಿ ಕೆಲಸ ನಿಲ್ಲಿಸಿದ್ದರಿಂದ ಬಂತು. ಮಕ್ಕಳಿಗೆ ಈ ಕಥೆ ಹೇಳುವಾಗ ಇದನ್ನು ದಯವಿಟ್ಟು ಬಿಡಬೇಡಿ.

ಸಂಡೂರು ರಸ್ತೆ (ಬಳ್ಳಾರಿ)

ಬಿಡುವುದಿಲ್ಲ ಅಕ್ಕ. ನಿಮ್ಮ ಪ್ರಶ್ನೆಗೆ ಜೋಡಿಯಾಗಿ ಇನ್ನೊಂದು ಕಥೆ ಇಡಬಹುದು. ಡೆನ್ನಿ ಓನೀಲ್ ಬರೆದು ನೀಲ್ ಆಡಮ್ಸ್ ಚಿತ್ರಿಸಿದ ಗ್ರೀನ್ ಲ್ಯಾಂಟರ್ನ್ ಮತ್ತು ಗ್ರೀನ್ ಆ್ಯರೋ ಸರಣಿ, 1970. ಮೊದಲು 76ನೇ ಸಂಚಿಕೆ. ಬೀದಿಯಲ್ಲಿ ಜನ ಒಬ್ಬನಿಗೆ ಹೊಡೆಯುತ್ತಿರುವುದನ್ನು ಕಂಡು ಗ್ರೀನ್ ಲ್ಯಾಂಟರ್ನ್ ಹಾರಿ ಬಂದು ಅವನನ್ನು ಕಾಪಾಡುತ್ತಾನೆ. ಕಾಪಾಡಿದ ಮೇಲೆ ತಿಳಿಯುತ್ತದೆ, ಅವನು ಮುರುಕಲು ಕಟ್ಟಡದ ಮಾಲೀಕ, ಹೊಡೆದವರು ಅಲ್ಲಿನ ಬಾಡಿಗೆದಾರರು. ಆಗ ವೃದ್ಧ ಕಪ್ಪು ಮನುಷ್ಯನೊಬ್ಬ ಎದುರು ನಿಂತು ಕೇಳುತ್ತಾನೆ: ಎಲ್ಲೆಲ್ಲಿಯೋ ಗ್ರಹಗಳಲ್ಲಿ ನೀಲಿ ಚರ್ಮದವರಿಗೆ, ಕಿತ್ತಳೆ ಚರ್ಮದವರಿಗೆ ನೆರವಾದೆಯಂತೆ, ಕಪ್ಪು ಚರ್ಮದವರಿಗೆ ಏನು ಮಾಡಿದೆ? ನಾಯಕ ತಲೆ ತಗ್ಗಿಸುತ್ತಾನೆ. ಕಾನೂನು ಕಾಯುವುದೂ ನ್ಯಾಯ ಕಾಯುವುದೂ ಬೇರೆಯಾಗುವ ಜಾಗ ಅದು.

ಮರುಸಂಚಿಕೆ, 77ನೆಯದು, ನೇರವಾಗಿ ಗಣಿ ಊರಿನದು. ಊರಿಗೆ ಊರನ್ನೇ ಮುಷ್ಟಿಯಲ್ಲಿ ಇಟ್ಟುಕೊಂಡ ಗಣಿ ಯಜಮಾನನ ವಿರುದ್ಧ ಅಲ್ಲಿ ಕಾರ್ಮಿಕರೇ ಎದ್ದು ನಿಲ್ಲುತ್ತಾರೆ.

ಪೀಸ್ ರೇಟ್ (ಬಳ್ಳಾರಿ)

ನಾನು ಜೀನ್ಸ್ ಹೊಲಿಯುವವನು. ಒಂದು ಪ್ಯಾಂಟಿಗೆ ಇಷ್ಟು ಎಂದು ಎಣಿಕೆ, ತಿಂಗಳ ಪಗಾರ ಇಲ್ಲ. ಬಿಸಿಲುಗಾಲದಲ್ಲಿ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಎಣಿಕೆಯೂ ನಿಲ್ಲುತ್ತದೆ. ಆದ್ದರಿಂದ ಬ್ಯಾಟ್‌ಮ್ಯಾನ್ ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆಗಿಂತ ಸ್ಪೈಡರ್‌ಮ್ಯಾನ್ ನನ್ನ ಮನಸ್ಸಿಗೆ ಹತ್ತಿರ. ತನ್ನ ಉಡುಪನ್ನು ತಾನೇ ಹೊಲಿದುಕೊಂಡ ನಾಯಕ ಅವನು.

1962ರಲ್ಲಿ ಹುಟ್ಟಿದ ಪೀಟರ್ ಪಾರ್ಕರ್‌ಗೆ ಮರುವರ್ಷ ಸ್ವಂತ ಕಾಮಿಕ್ಸ್ ಪತ್ರಿಕೆ ಸಿಕ್ಕಿತು. ಅದರ ಮೊದಲ ಸಂಚಿಕೆಯನ್ನು ಮಕ್ಕಳಿಗೆ ಹೇಳಲೇಬೇಕು. ಚಿಕ್ಕಪ್ಪ ತೀರಿಹೋಗಿದ್ದಾನೆ, ಬಾಡಿಗೆ ಕಟ್ಟಲು ದುಡ್ಡಿಲ್ಲ, ಚಿಕ್ಕಮ್ಮ ಮೇ ತನ್ನ ಒಡವೆ ಅಡವಿಡುವುದನ್ನು ಹುಡುಗ ಕಾಣುತ್ತಾನೆ. ಮುಖವಾಡ ಹಾಕಿ ರಂಗದ ಮೇಲೆ ಆಟ ತೋರಿಸುತ್ತಾನೆ, ಚೆಕ್ ಸಿಗುತ್ತದೆ, ಸ್ಪೈಡರ್‌ಮ್ಯಾನ್ ಹೆಸರಿಗೆ. ಬ್ಯಾಂಕಿನವನು ಗುರುತಿನ ಚೀಟಿ ಕೇಳುತ್ತಾನೆ. ಪ್ರಾಮಾಣಿಕವಾಗಿ ದುಡಿದ ದುಡ್ಡು ಕೈಯಲ್ಲಿದೆ, ನೀನು ನೀನೇ ಎಂದು ಸಾಬೀತು ಮಾಡುವ ಕಾಗದ ಇಲ್ಲ. ಗೋಡೆ ಹತ್ತುವ ಶಕ್ತಿ ಆ ಕಿಟಕಿಯ ಮುಂದೆ ಏನೂ ಅಲ್ಲ. ಬೆರಳಚ್ಚು ಹೊಂದಲಿಲ್ಲ ಎಂದು ಪಡಿತರದ ಸಾಲಿನಿಂದ ಮರಳಿದ ಅಜ್ಜಿಯರಿರುವ ಮನೆಯ ಮಗು ಈ ಪುಟವನ್ನು ವಿವರಣೆ ಇಲ್ಲದೆ ಅರ್ಥ ಮಾಡಿಕೊಳ್ಳುತ್ತದೆ.

ಮುಂದೆ ಅವನು ಡೈಲಿ ಬ್ಯೂಗಲ್ ಪತ್ರಿಕೆಗೆ ಫೋಟೊ ಮಾರುತ್ತಾನೆ. ಒಂದು ಫೋಟೊಗೆ ಇಷ್ಟು, ನನ್ನ ಲೆಕ್ಕವೇ. ಸಂಪಾದಕ ಜೇಮ್ಸನ್ ಅದೇ ಫೋಟೊ ಹಾಕಿ ಸ್ಪೈಡರ್‌ಮ್ಯಾನ್ ಅಪಾಯಕಾರಿ ಎಂದು ಬರೆದು ಪತ್ರಿಕೆ ಮಾರುತ್ತಾನೆ. ಇವನ ಹೆಸರು ಕೆಡಿಸುವ ಸರಕನ್ನು ಇವನ ಕೈಯಿಂದಲೇ ಅಗ್ಗಕ್ಕೆ ಕೊಳ್ಳುತ್ತಾನೆ. ಬಾಡಿಗೆ ಕಟ್ಟಬೇಕಲ್ಲ, ಪೀಟರ್ ಮಾರಲೇಬೇಕು.

ಇನ್ನೊಬ್ಬನನ್ನೂ ಸೇರಿಸಿ: ಲ್ಯೂಕ್ ಕೇಜ್. 1972ರಲ್ಲಿ ಬಂದವನು, ಹಾರ್ಲೆಮ್‌ನ ಕಪ್ಪು ಮನುಷ್ಯ, ಮಾಡದ ತಪ್ಪಿಗೆ ಜೈಲು ಕಂಡವನು. ಅವನ ಪತ್ರಿಕೆಯ ಹೆಸರೇ ಹೀರೋ ಫಾರ್ ಹೈರ್. ಕೂಲಿ ಪಡೆದು ಕೆಲಸ ಮಾಡುತ್ತೇನೆ ಎಂದು ತಲೆ ಎತ್ತಿ ಹೇಳುತ್ತಾನೆ. ಬ್ರೂಸ್ ವೇಯ್ನ್ ಪುಕ್ಕಟೆಯಾಗಿ ಊರು ಕಾಯಬಲ್ಲ, ಏಕೆಂದರೆ ಅವನ ಊಟ ಅಪ್ಪನ ಆಸ್ತಿಯಿಂದ ಬರುತ್ತದೆ. ಕೂಲಿ ಕೇಳುವುದು ಸಣ್ಣತನ ಎಂಬ ಭಾವನೆಯನ್ನು ನಮ್ಮ ತಲೆಯಲ್ಲಿ ತುಂಬಿದವರು ಕೂಲಿ ಕೊಡಬೇಕಾದವರು. ಡಾಕ್ಟರ್ ಡೂಮ್ ಎಂಬ ಒಂದು ದೇಶದ ಒಡೆಯನೇ ಲ್ಯೂಕ್ ಕೇಜ್‌ಗೆ ಇನ್ನೂರು ಡಾಲರ್ ಬಾಕಿ ಉಳಿಸಿಕೊಳ್ಳುತ್ತಾನೆ. ಕೇಜ್ ಬಿಡುವುದಿಲ್ಲ. ಫೆಂಟಾಸ್ಟಿಕ್ ಫೋರ್ ಎಂಬ ಸೂಪರ್‌ಹೀರೋ ತಂಡದಿಂದ ವಿಮಾನ ಎರವಲು ಪಡೆದು ಆ ದೇಶಕ್ಕೇ ಹೋಗಿ ಒಡೆಯನ ಕೋಟೆಯಲ್ಲಿ ನಿಂತು ತನ್ನ ಇನ್ನೂರು ಡಾಲರ್ ಕೇಳುತ್ತಾನೆ. ಹಿಂದೊಮ್ಮೆ ಒಂದು ಘಟಕದ ಮಾಲೀಕರು ಹಬ್ಬದ ಹಿಂದಿನ ವಾರ ಬಾಗಿಲು ಮುಚ್ಚಿ ಹೋದಾಗ ನಮ್ಮ ಕೆಲವರ ಎಣಿಕೆಯ ದುಡ್ಡು ಹಾಗೆಯೇ ಉಳಿಯಿತು. ದೊಡ್ಡ ಮೊತ್ತವಲ್ಲ ಬಿಡಿ ಎಂದು ಹೇಳಿದವರೆಲ್ಲ ತಿಂಗಳ ಸಂಬಳದವರು. ಮೊತ್ತ ಚಿಕ್ಕದೋ ದೊಡ್ಡದೋ ಎಂದು ಹೇಳಬೇಕಾದವನು ದುಡಿದವನು.

ಎಡದಂಡೆ (ಗಂಗಾವತಿ)

ಡೂಮ್ ಕೊನೆಗೆ ದುಡ್ಡು ಕೊಟ್ಟನೇ?

ಪೀಸ್ ರೇಟ್ (ಬಳ್ಳಾರಿ)

ಕೊಟ್ಟ. ಇನ್ನೂರು ಡಾಲರ್, ಪೂರ್ತಿ.

ಕಿನ್ನಾಳ ಬಣ್ಣ (ಕೊಪ್ಪಳ)

ಕಥೆಯೊಳಗಿನ ಬಡವರ ಬಗ್ಗೆ ಇಷ್ಟು ಮಾತನಾಡಿದ ಮೇಲೆ ಕಥೆ ಬರೆದ ಬಡವರ ಬಗ್ಗೆಯೂ ಮಾತನಾಡಬೇಕು. ಹಟ್ಟಿಯ ಅಕ್ಕ ಹೇಳಿದ ಆ ಇಬ್ಬರು ಹುಡುಗರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು, ಕ್ಲೀವ್‌ಲ್ಯಾಂಡ್ ಊರಿನವರು. ಸೂಪರ್‌ಮ್ಯಾನ್‌ನ ಸಕಲ ಹಕ್ಕನ್ನೂ ಅವರು 1938ರಲ್ಲಿ ಪ್ರಕಾಶಕರಿಗೆ ಬರೆದುಕೊಟ್ಟದ್ದು 130 ಡಾಲರ್‌ಗೆ. ಇಬ್ಬರಿಗೂ ಸೇರಿ. ಗಣಿ ಯಜಮಾನನಿಗೆ ಬುದ್ಧಿ ಕಲಿಸುವ ಕಥೆಯನ್ನು ಬರೆಯುವ ಹೊತ್ತಿಗೆ ತಮ್ಮ ಗಣಿಯನ್ನೇ ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು.

ಮುಂದೆ ನ್ಯಾಯಾಲಯಕ್ಕೆ ಹೋದರು, ಸೋತರು. 1975ರಲ್ಲಿ ಸೂಪರ್‌ಮ್ಯಾನ್ ಸಿನಿಮಾ ಆಗುತ್ತದೆಂಬ ಸುದ್ದಿ ಬಂದಾಗ ಸೀಗಲ್ ಗುಮಾಸ್ತನ ಕೆಲಸದಲ್ಲಿದ್ದ, ಶುಸ್ಟರ್‌ನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಸೀಗಲ್ ಪತ್ರಿಕೆಗಳಿಗೆ ಬಹಿರಂಗವಾಗಿ ಬರೆದ, ಇತರ ಕಲಾವಿದರು ದನಿಗೂಡಿಸಿದರು. ಆ ಮೇಲೆ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಟ್ಟು, ಅವರ ಹೆಸರನ್ನು ಮರಳಿ ಅಚ್ಚು ಹಾಕಿತು. ಆ 130 ಡಾಲರ್ ಸೇರಿದ್ದ ಹಳೆಯ ಚೆಕ್ 2012ರಲ್ಲಿ 1,60,000 ಡಾಲರ್‌ಗೆ ಹರಾಜಾಯಿತು. ಹತ್ತು ಸೆಂಟ್ ಬೆಲೆಯ ಆ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು. ಅಷ್ಟು ಹೊತ್ತಿಗೆ ಬರೆದವರಿಬ್ಬರೂ ಇರಲಿಲ್ಲ.

ಬ್ಯಾಟ್‌ಮ್ಯಾನ್ ಕಥೆ ಇನ್ನೂ ನೋವಿನದು. ಮೊದಲ ಕಥೆಗಳನ್ನು ಬರೆದ, ಆ ಕಪ್ಪು ಮೇಲಂಗಿಯ ರೂಪವನ್ನು ಸೂಚಿಸಿದ ಬಿಲ್ ಫಿಂಗರ್ ಹೆಸರು ದಶಕಗಳ ಕಾಲ ಪುಟದ ಮೇಲೆ ಬರಲಿಲ್ಲ, ಬಾಬ್ ಕೇನ್ ಹೆಸರೊಂದೇ ಬರುತ್ತಿತ್ತು. ಫಿಂಗರ್ 1974ರಲ್ಲಿ ತೀರಿಕೊಂಡ. ಅಧಿಕೃತ ಮನ್ನಣೆ ಸಿಕ್ಕಿದ್ದು 2015ರಲ್ಲಿ.

ನಾನು ಮರದ ಗೊಂಬೆಗೆ ಬಣ್ಣ ಹಾಕುವವರ ಮನೆಯವನು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಊರಿನ ಹೆಸರು ಉಳಿಯುತ್ತದೆ, ಅದು ನಮಗೆ ಹೆಮ್ಮೆ. ನಗರದ ಅಂಗಡಿಯ ಗಾಜಿನ ಹಿಂದೆ ಆ ಗೊಂಬೆ ನಿಂತಾಗ ಅದನ್ನು ಕೆತ್ತಿದ ಕೈ ಯಾರದು, ಅದಕ್ಕೆ ಸಿಕ್ಕಿದ್ದೆಷ್ಟು ಎಂದು ಕೊಳ್ಳುವವರು ಕೇಳುವುದಿಲ್ಲ. ಶಿಬಿರದಲ್ಲಿ ಮಕ್ಕಳು ಬರೆಯುವ ಪ್ರತಿ ಪುಟದ ಕೆಳಗೂ ಅವರ ಹೆಸರು ಇರಲಿ, ಕಥೆ ಹೇಳುವಾಗ ಪ್ರತಿ ಕಥೆಯ ಜೊತೆ ಬರೆದವರ ಹೆಸರೂ ಇರಲಿ. ಇದು ನನ್ನ ಒತ್ತಾಯ.

ಸಿರುಗುಪ್ಪದ ವಿದ್ಯಾರ್ಥಿನಿ

ಒಂದು ಪ್ರಶ್ನೆ ಕೇಳಬಹುದೇ? ಇವರೆಲ್ಲ ಹೊಡೆದಾಡುವಾಗ ಕಟ್ಟಡಗಳು ಬೀಳುತ್ತವೆ, ಕಾರುಗಳು ಹಾರುತ್ತವೆ. ಆ ನಷ್ಟವನ್ನು ಯಾರು ಭರಿಸುತ್ತಾರೆ? ಬೀದಿಬದಿಯಲ್ಲಿ ತಳ್ಳುಗಾಡಿ ಇಟ್ಟವರ ಗತಿ ಏನು?

ಗುರುಗಳು (ಲಿಂಗಸುಗೂರು)

ತಂಗಿ, ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕಾಮಿಕ್ಸ್ ಉದ್ಯಮ ತಾನೇ ಕೇಳಿಕೊಳ್ಳಲು ಬಹಳ ಕಾಲ ಹಿಡಿಯಿತು. 1980ರ ದಶಕದ ಕೊನೆಯಲ್ಲಿ ಮಾರ್ವೆಲ್ ಪ್ರಕಾಶನದಲ್ಲಿ ಡ್ವೇಯ್ನ್ ಮೆಕ್‌ಡಫಿ ಮತ್ತು ಎರ್ನಿ ಕೊಲೊನ್ ಡ್ಯಾಮೇಜ್ ಕಂಟ್ರೋಲ್ ಎಂಬ ಕಂಪನಿಯನ್ನು ಸೃಷ್ಟಿಸಿದರು. ಸೂಪರ್‌ಹೀರೋಗಳು ಬೀಳಿಸಿದ್ದನ್ನು ಎತ್ತಿ ಕಟ್ಟುವವರು, ಲೆಕ್ಕ ಬರೆಯುವವರು, ಬಿಲ್ ವಸೂಲಿ ಮಾಡುವವರ ಕಥೆ. ಹಾಸ್ಯದ ಧಾಟಿಯಲ್ಲಿದ್ದರೂ ಅವಶೇಷ ಬಾಚುವವರನ್ನು ಕಥೆಯ ನಡುವೆ ತಂದಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಮತ್ತೆ ಹಳೆಯ ಸೂಪರ್‌ಮ್ಯಾನ್‌ಗೇ ಹೋಗಬೇಕು. 1939ರ ಜನವರಿಯ ಎಂಟನೆಯ ಸಂಚಿಕೆಯಲ್ಲಿ ಕೊಳೆಗೇರಿಯ ಹುಡುಗರು ಕಳ್ಳತನಕ್ಕೆ ಇಳಿಯುವುದಕ್ಕೆ ಅವರು ಬೆಳೆದ ಪರಿಸರವೇ ಕಾರಣ ಎಂದು ಸೂಪರ್‌ಮ್ಯಾನ್ ಅರಿಯುತ್ತಾನೆ. ಚಂಡಮಾರುತ ಬಂದ ಊರನ್ನು ಸರ್ಕಾರ ಹೊಸದಾಗಿ ಕಟ್ಟಿಕೊಡುತ್ತದೆ ಎಂಬುದನ್ನು ಓದಿ, ಕೊಳೆಗೇರಿಯ ಜನರನ್ನು ಹೊರಗೆ ಕಳುಹಿಸಿ ಇಡೀ ಕೇರಿಯನ್ನು ತಾನೇ ನೆಲಸಮ ಮಾಡುತ್ತಾನೆ. ಸರ್ಕಾರ ಅಲ್ಲಿ ಒಳ್ಳೆಯ ಮನೆಗಳನ್ನು ಕಟ್ಟುತ್ತದೆ. ಅಪರಾಧದ ಬೇರನ್ನು ಮನೆಯ ಗೋಡೆಯಲ್ಲಿ ಕಂಡ ಕಥೆ ಎಂದು ಇದನ್ನು ನಾನು ಮೆಚ್ಚುತ್ತೇನೆ. ಆದರೆ 2011ರ ಜುಲೈನಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದ್ದನ್ನು ಕಂಡವರಿಗೆ ನೆಲಸಮದಿಂದ ಹೊಸ ಮನೆಯವರೆಗಿನ ಕಾಲ ಎಷ್ಟು ಉದ್ದದ್ದು ಎಂದು ಗೊತ್ತು. ಕಾಮಿಕ್ಸ್‌ನಲ್ಲಿ ಅದು ಒಂದು ಚೌಕಟ್ಟಿನಿಂದ ಮುಂದಿನ ಚೌಕಟ್ಟಿಗೆ ಇರುವ ಬಿಳಿ ಸಂದು. ಆ ಸಂದಿನಲ್ಲಿ ಸಂಸಾರಗಳು ಎಲ್ಲಿ ಮಲಗಿದವು, ಮಕ್ಕಳು ಯಾವ ಶಾಲೆಗೆ ಹೋದರು ಎಂದು ನೀವೇ ಶಿಬಿರದಲ್ಲಿ ಬರೆಯಬೇಕು.

ಹಳೆಯ ಸೂಪರ್‌ಮ್ಯಾನ್‌ನ ಈ ಸಿಟ್ಟು ಮುಂದೆ ಏಕೆ ಆರಿತು ಎಂಬುದಕ್ಕೂ ಕಾರಣಗಳಿವೆ. ಸೂಪರ್‌ಮ್ಯಾನ್ ಕೈತುಂಬ ಲಾಭ ತರತೊಡಗಿದ ಮೇಲೆ ಪ್ರಕಾಶಕರಿಗೆ ತಂಟೆ ಬೇಡವಾಯಿತು. ಮಹಾಯುದ್ಧ ಬಂದು ನಾಯಕರೆಲ್ಲ ದೇಶದ ಸೈನಿಕರಾದರು. 1954ರಲ್ಲಿ ಸೆನೆಟ್ ವಿಚಾರಣೆಗೆ ಹೆದರಿದ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ಕಾಮಿಕ್ಸ್ ಸಂಹಿತೆಯಲ್ಲಿ, ಪೊಲೀಸರು, ನ್ಯಾಯಾಧೀಶರು, ಅಧಿಕಾರಿಗಳು, ಗೌರವಾನ್ವಿತ ಸಂಸ್ಥೆಗಳ ಬಗ್ಗೆ ಅಗೌರವ ಹುಟ್ಟುವಂತೆ ಚಿತ್ರಿಸಬಾರದು ಎಂಬ ನಿಯಮವೇ ಇತ್ತು. ಆ ಮೇಲೆ ದುಷ್ಟ ಎಲ್ಲಿ ಸಿಗಬೇಕು? ಬೇರೆ ಗ್ರಹದಲ್ಲಿ, ಇಲ್ಲವೇ ಗಲ್ಲಿಯಲ್ಲಿ. 1986ರಲ್ಲಿ ಜಾನ್ ಬರ್ನ್, ಹುಚ್ಚು ವಿಜ್ಞಾನಿಯಾಗಿದ್ದ ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್‌ನನ್ನು ಊರಿನ ಅತಿ ದೊಡ್ಡ ಉದ್ಯಮಿಯನ್ನಾಗಿ ಮಾಡಿದಾಗ ಹಳೆಯ ದಾರಿ ಸ್ವಲ್ಪ ತೆರೆಯಿತು.

ಬಿಸಿಲು ರಾಯಚೂರು

ಬ್ಲ್ಯಾಕ್ ಪ್ಯಾಂಥರ್ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ! 1966ರ ಜುಲೈನಲ್ಲಿ ಫೆಂಟಾಸ್ಟಿಕ್ ಫೋರ್ 52ನೇ ಸಂಚಿಕೆಯಲ್ಲಿ ಬಂದವನು. ಅವನ ವಕಾಂಡಾ ದೇಶದಲ್ಲಿ ವೈಬ್ರೇನಿಯಂ ಎಂಬ ಖನಿಜದ ದಿಬ್ಬವೇ ಇದೆ. ಹೊರಗಿನವನು ಲೂಟಿಗೆ ಬಂದು ಅವನ ತಂದೆಯನ್ನು ಕೊಂದಿದ್ದಾನೆ. ಬೆಟ್ಟದ ಸಂಪತ್ತು ಹಡಗು ಹತ್ತದೆ ಅಲ್ಲಿಯ ಜನರ ನಡುವೆಯೇ ಉಳಿದರೆ ಒಂದು ನಾಡು ಹೇಗಿರಬಹುದು ಎಂಬ ಕನಸು ಅದು. ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ ಅದರ ದೊಡ್ಡ ಪಾಲು ನಮ್ಮ ಭಾಗದ್ದೇ. ಕೆಳಗೆ ಚಿನ್ನ, ಪಕ್ಕದಲ್ಲಿ ಕಬ್ಬಿಣ, ಎರಡೂ ಕಡೆ ನದಿ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ದಶಕಗಳ ಕಾಲ ಹೋರಾಡಬೇಕಾದದ್ದು ಏಕೆ ಎಂದು ಮಕ್ಕಳು ಕೇಳಬೇಕಾದರೆ ವಕಾಂಡಾ ನಕ್ಷೆಯ ಪಕ್ಕದಲ್ಲಿ ನಮ್ಮ ನಕ್ಷೆ ಇಡಿ.

ಹಟ್ಟಿಯ ಮಗಳು (ಹಟ್ಟಿ)

ಇಡೋಣ. ಆದರೆ ವಕಾಂಡಾದ ಆ ದಿಬ್ಬ ಯಾರ ಕೈಯಲ್ಲಿದೆ? ಅರಸನ ಕೈಯಲ್ಲಿ. ಅರಸ ಒಳ್ಳೆಯವನು, ಸರಿ. ಒಳಗೆ ಇಳಿದು ಅಗೆಯುವವರನ್ನು ಆ ಮೊದಲ ಕಥೆಗಳು ತೋರಿಸುವುದೇ ಇಲ್ಲ. ನಮ್ಮಲ್ಲಿ ಗಣಿ ಕಾನೂನಿನ 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಜಧನದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಪಾಲು ಕೊಡಬೇಕು, ಹಳೆಯ ಗುತ್ತಿಗೆಗಳಿಗೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದವಕ್ಕೆ ಶೇ 10. ಗಣಿಬಾಧಿತ ಊರುಗಳ ನೀರು, ಶಾಲೆ, ಆರೋಗ್ಯಕ್ಕೆ ಅದು ಖರ್ಚಾಗಬೇಕು. ಅರಸನ ಒಳ್ಳೆಯತನಕ್ಕಿಂತ ನನಗೆ ಈ ಶೇಕಡಾ ಲೆಕ್ಕದ ಮೇಲೆ ನಂಬಿಕೆ ಹೆಚ್ಚು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದಾದ ಲೆಕ್ಕ ಅದು.

ಎಡದಂಡೆ (ಗಂಗಾವತಿ)

ಅಕ್ಕ, ಅರಸನನ್ನು ಅಷ್ಟು ಬೇಗ ಬದಿಗಿಡಬೇಡಿ. ನಮ್ಮ ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕುಮಾರರಾಮನನ್ನು ಇಂದಿಗೂ ಜನ ಹಾಡುತ್ತಾರೆ, ಬಯಲಾಟ ಆಡುತ್ತಾರೆ. ಅವನು ಕಂಪಿಲಿಯ ರಾಜಕುಮಾರ. ರಾತ್ರಿಯಿಡೀ ಕುಳಿತು ನೋಡುವವರು, ವೇಷ ಕಟ್ಟುವವರು ಹೊಲದ ಕೂಲಿಗಳು, ಸಣ್ಣ ರೈತರು. ತಮ್ಮ ನಾಯಕ ಅರಮನೆಯಲ್ಲಿ ಹುಟ್ಟಿದ್ದು ಅವರಿಗೆ ತೊಡಕೆನಿಸಿಲ್ಲ. ಬಡವನಿಗೆ ಬಡ ನಾಯಕನೇ ಬೇಕು ಎಂದು ನಾವು ಅವರ ಪರವಾಗಿ ತೀರ್ಮಾನ ಮಾಡುವುದು ಸರಿಯಲ್ಲ. ತನ್ನ ಬಳಿ ಇಲ್ಲದ್ದನ್ನು ಒಂದು ರಾತ್ರಿ ಮೈಮೇಲೆ ತೊಟ್ಟು ಕಿರೀಟ ಹೊತ್ತು ಕುಣಿಯುವ ಸುಖವನ್ನು ಬ್ಯಾಟ್‌ಮ್ಯಾನ್ ಓದುವ ಹುಡುಗನಿಂದ ಏಕೆ ಕಸಿಯಬೇಕು?

ಪೀಸ್ ರೇಟ್ (ಬಳ್ಳಾರಿ)

ತಮ್ಮನ ಮಾತಿನಲ್ಲಿ ಸತ್ಯವಿದೆ. ನಾನೂ ಬಯಲಾಟದಲ್ಲಿ ವೇಷ ಹಾಕಿದ್ದೇನೆ. ಕಿರೀಟ ಬೆಳಗಿನ ಜಾವ ಪೆಟ್ಟಿಗೆಗೆ ಹೋಗುತ್ತದೆ, ಬಣ್ಣ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತೇವೆ. ಸುಖ ಬೇಡ ಎಂದು ಯಾರೂ ಹೇಳಿಲ್ಲ. ಹುಡುಗ ಬ್ಯಾಟ್‌ಮ್ಯಾನ್ ಆಗಿ ಕುಣಿಯಲಿ, ಜೊತೆಗೆ ಆ ಮಹಲಿನ ನೆಲ ಒರೆಸುವವರು ಯಾರು, ಮನೆಯಾಳು ಆಲ್‌ಫ್ರೆಡ್‌ಗೆ ರಜೆ ಯಾವಾಗ ಎಂದೂ ಕೇಳಲಿ.

ಸಂಡೂರು ರಸ್ತೆ (ಬಳ್ಳಾರಿ)

ಎಲ್ಲರ ಮಾತು ಸೇರಿಸಿ ಶಿಬಿರದ ಕ್ರಮವನ್ನು ಹೀಗೆ ಇಟ್ಟುಕೊಂಡಿದ್ದೇನೆ. ಮೊದಲು 33ನೇ ಸಂಚಿಕೆಯ ಬ್ಯಾಟ್‌ಮ್ಯಾನ್, ಆ ಎರಡು ಪುಟಗಳಷ್ಟೇ. ಅದನ್ನು ಎಡದಂಡೆಯ ತಮ್ಮನೇ ಬಂದು ಹೇಳಬೇಕು, ಅಷ್ಟು ಪ್ರೀತಿಯಿಂದ ನಮ್ಮಲ್ಲಿ ಬೇರೆ ಯಾರೂ ಹೇಳಲಾರರು. ಅದರ ಬೆನ್ನಿಗೆ ಗುರುಗಳಿಂದ ಲಕ್ಕಮ್ಮನ ಅಕ್ಕಿಯ ಕಥೆ. ಸ್ಪೈಡರ್‌ಮ್ಯಾನ್‌ನ ಚೆಕ್ ಮತ್ತು ಲ್ಯೂಕ್ ಕೇಜ್‌ನ ಬಾಕಿ ಪೀಸ್ ರೇಟ್ ಅಣ್ಣನವರ ಪಾಲಿಗೆ, ಭಾನುವಾರವಾದರೆ ಅವರ ಎಣಿಕೆ ತಪ್ಪುವುದಿಲ್ಲ. ಕೊಳೆಗೇರಿಯ ಕಥೆಯ ಬಿಳಿ ಸಂದನ್ನು ಸಿರುಗುಪ್ಪದ ತಂಗಿ ಮತ್ತು ಮಕ್ಕಳು ಸೇರಿ ತುಂಬುತ್ತಾರೆ. ಬರೆದವರ ಹೆಸರುಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಗೋಡೆಗೆ ಹಾಕುವುದು ಕಿನ್ನಾಳದವರ ಜವಾಬ್ದಾರಿ, ಬಣ್ಣ ನಾವು ಒದಗಿಸುತ್ತೇವೆ.

ಗಣಿಯ ಕಥೆ ಕೊನೆಯ ದಿನ. ಹಟ್ಟಿಯ ಅಕ್ಕ, ನಿಮ್ಮ ತಂದೆಯವರಿಗೆ ಪ್ರಯಾಣ ಆಗುವುದಾದರೆ ಅವರನ್ನೂ ಕರೆತನ್ನಿ.

ಹಟ್ಟಿಯ ಮಗಳು (ಹಟ್ಟಿ)

ಕೇಳಿದೆ, ಬರುತ್ತೇನೆಂದರು. ಅಲ್ಲಿಯ ಮಕ್ಕಳು ತೆರೆದ ಗಣಿಯನ್ನಷ್ಟೇ ಕಂಡವರು, ಆದ್ದರಿಂದ ಸುರಂಗ ಹೇಗಿರುತ್ತದೆ, ಆಸರೆ ಹೇಗೆ ಕೊಡುತ್ತಾರೆ, ಅಪಾಯದ ಸೂಚನೆ ಹೇಗೆ ಗೊತ್ತಾಗುತ್ತದೆ ಎಂದು ಮೊದಲು ತಾವು ಹೇಳಬೇಕು, ಆ ಮೇಲೆ ಸೂಪರ್‌ಮ್ಯಾನ್ ಬರಲಿ ಎಂಬುದು ಅವರ ಷರತ್ತು. ನನ್ನದೂ ಒಂದು ಷರತ್ತಿದೆ: ಕಥೆ ಮುಗಿದ ಮೇಲೆ ಮಕ್ಕಳಿಗೆ ಒಂದು ಖಾಲಿ ಹಾಳೆ ಕೊಡಬೇಕು. ಸೂಪರ್‌ಮ್ಯಾನ್ ಆ ದಿನ ಬರದೇ ಇದ್ದಿದ್ದರೆ ಗಣಿಯ ಉಳಿದ ಕೂಲಿಗಳು ಮರುದಿನ ಬೆಳಿಗ್ಗೆ ಏನು ಮಾಡಬಹುದಿತ್ತು ಎಂದು ಅವರು ಬರೆಯಲಿ.